ಬೆಸೆದುಕೊಂಡ ಇಪ್ಪತ್ತೊಂದನೇ ಜೋಡಿ

ಕೋವಿಡ್‌ನ ಎರಡನೇ ಅಲೆ ಇಳಿದು, ಆಸ್ಪತ್ರೆಗಳಲ್ಲಿ ಬೇರೆ ಕಾಯಿಲೆಯವರಿಗೂ ಮತ್ತೆ ಜಾಗ ಸಿಗತೊಡಗಿದ್ದ ವರ್ಷ ಅದು. ನಾನು ಆಗಲೂ ಈಗಿನಂತೆಯೇ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ ಸೈಟೊಜೆನೆಟಿಕ್ಸ್ ಲ್ಯಾಬಿನ ಮುಖ್ಯಸ್ಥನಾಗಿದ್ದೆ. ಹೆಸರು ದೊಡ್ಡದು, ಲ್ಯಾಬು ಚಿಕ್ಕದು. ಎರಡು ಕೋಣೆ, ಒಂದು ಇನ್‌ಕ್ಯುಬೇಟರ್, ಕ್ಯಾಮೆರಾ ಜೋಡಿಸಿದ ಒಂದು ಮೈಕ್ರೋಸ್ಕೋಪ್, ನಾನು ಮತ್ತು ಟೆಕ್ನಿಷಿಯನ್ ಸುಮಾ. ಜನರ ರಕ್ತದ ಜೀವಕೋಶಗಳಿಂದ ಕ್ರೋಮೋಸೋಮ್‌ಗಳನ್ನು ಹೊರತೆಗೆದು, ಎಣಿಸಿ, ಜೋಡಿಸಿ, ಹೆಚ್ಚುಕಡಿಮೆ ಇದ್ದರೆ ಬರೆದುಕೊಡುವುದು ನಮ್ಮ ಕೆಲಸ.

ಈ ಪ್ರಕರಣವನ್ನು ಬರೆಯುವ ಮೊದಲು ಒಂದು ಎಚ್ಚರಿಕೆ ಹೇಳಬೇಕು. ಕ್ರೋಮೋಸೋಮ್‌ಗಳ ಬಗ್ಗೆ ಇಲ್ಲಿ ಬರೆದಿರುವುದನ್ನು ನಂಬಬಹುದು. ಚಿತ್ರಗಳು ಕಂಪ್ಯೂಟರಿನಲ್ಲಿ ಇವೆ, ಬರೆಯುವ ಮುಂಚೆ ಮತ್ತೊಮ್ಮೆ ತೆಗೆದು ನೋಡಿದ್ದೇನೆ. ಮನುಷ್ಯರ ಬಗ್ಗೆ ಬರೆದಿರುವುದಕ್ಕೆ ಅಷ್ಟು ಖಾತ್ರಿ ಕೊಡಲಾರೆ. ಯಾರು ಯಾವ ಮಾತನ್ನು ಯಾವ ದಿನ ಆಡಿದರು ಎಂದು ಸುಮಾಳನ್ನು ಕೇಳಿದರೆ ಅವಳ ನೆನಪು ನನ್ನದಕ್ಕಿಂತ ಬೇರೆ ಇರುತ್ತದೆ. ಆಡಿದ ಮಾತಿಗೆ ಸ್ಲೈಡ್ ಇಲ್ಲ, ಇನ್ನೊಮ್ಮೆ ಇಟ್ಟು ನೋಡಲು ಬರುವುದಿಲ್ಲ. ಹೆಸರುಗಳನ್ನಂತೂ ನಾನೇ ಬದಲಿಸಿದ್ದೇನೆ.

ಮೊದಲು ಬಂದವರು ಮೂವರು. ಸುಮಾರು ಅರವತ್ತೈದರ ನೀಲಮ್ಮ, ಇಪ್ಪತ್ತೈದರ ಆಸುಪಾಸಿನ ಕವಿತಾ, ಅವಳ ಸೊಂಟದ ಮೇಲೆ ಮೂರು ವರ್ಷದ ಅನು. ಮೂಲ ಊರು ಕೊಂಡಜ್ಜಿ, ಈಗ ಇರುವುದು ಹರಿಹರದಲ್ಲಿ. ಅನುವಿಗೆ ಡೌನ್ ಸಿಂಡ್ರೋಮ್ ಇರುವುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಮೇಲಕ್ಕೆ ಓರೆಯಾದ ಕಣ್ಣು, ಚಪ್ಪಟೆ ಮೂಗು, ತಡವಾಗಿ ಬಂದ ನಡಿಗೆ. ಅವಳ ನಂತರ ಕವಿತಾಳಿಗೆ ಎರಡು ಬಾರಿ ಗರ್ಭಪಾತವಾಗಿತ್ತು. ಮಕ್ಕಳ ಡಾಕ್ಟರು ಅನುವಿನ ಕ್ರೋಮೋಸೋಮ್ ಪರೀಕ್ಷೆಗೆ ಬರೆದು ಕಳಿಸಿದ್ದರು. ಚೀಟಿಯ ಕೆಳಗೆ 'ಸಂಬಂಧದಲ್ಲಿ ಮದುವೆ' ಎಂದು ಒಂದು ಸಾಲು ಇತ್ತು.

"ಡಾಕ್ಟ್ರೇ, ನೀವು ಬರೇ ರಕ್ತ ನೋಡ್ತೀರೋ, ಔಷಧಿನೂ ಕೊಡ್ತೀರೋ?" ಎಂದರು ನೀಲಮ್ಮ.

ನಾನು ಔಷಧಿ ಕೊಡುವ ಡಾಕ್ಟರಲ್ಲ, ವಿಶ್ವವಿದ್ಯಾಲಯದಲ್ಲಿ ಓದಿ ಪಿಎಚ್‌ಡಿ ಮಾಡಿದವನು, ನೋಡುವುದಷ್ಟೇ ನನ್ನ ಕೆಲಸ ಎಂದೆ.

"ಬರೇ ನೋಡಾಕೆ ಅಷ್ಟ್ ಓದ್ಬೇಕಾತೇನ್ರಿ?"

"ಅಜ್ಜಿ, ಸುಮ್ನಿರು," ಎಂದಳು ಕವಿತಾ.

ಅತ್ತೆ ಎಂದು ಪರಿಚಯಿಸಿದವರನ್ನು ಅಜ್ಜಿ ಎಂದಳಲ್ಲ ಎಂದು ಕೇಳಿದೆ. ನೀಲಮ್ಮ ಕವಿತಾಳಿಗೆ ಎರಡೂ ಹೌದು. ನೀಲಮ್ಮನ ಮಗಳನ್ನು ಹದಡಿಗೆ ಕೊಟ್ಟಿದ್ದರು, ಆ ಮಗಳ ಮಗಳು ಕವಿತಾ. ಅವಳನ್ನು ನೀಲಮ್ಮ ತನ್ನ ಕಿರಿಯ ಮಗ ಹಾಲೇಶನಿಗೆ ತಂದುಕೊಂಡಿದ್ದರು. ಸೋದರಮಾವನನ್ನು ಮದುವೆಯಾಗುವುದು ನಮ್ಮ ಕಡೆ ಹೊಸದಲ್ಲ. ಮನೆಯ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ ಎಂಬ ಸಮಾಧಾನ ಅದರಲ್ಲಿದೆ.

ಸಮಾಧಾನ ಈಗ ಉಳಿದಿರಲಿಲ್ಲ. ನೀಲಮ್ಮ ಬಂದ ಉದ್ದೇಶವನ್ನು ಕವಿತಾಳ ಎದುರೇ ಹೇಳಿದರು. "ಮುಂದಿನದೂ ಹಿಂಗೇ ಆಗ್ತೈತೋ ಇಲ್ವೋ, ಅಷ್ಟ್ ಹೇಳ್ರಿ ಸಾಕು. ಆಗ್ತೈತೆ ಅಂದ್ರೆ ಇವಳನ್ನ ಹದಡಿಗೆ ಬಿಟ್ ಬರ್ತೀನಿ. ನನ್ ಮಗಳ ಮನೆ, ಬ್ಯಾರೆ ಯಾರ ಮನೆನೂ ಅಲ್ಲ. ಮಗನಿಗೆ ಹೊರಗಿನ ಹೆಣ್ಣು ತರ್ತೀನಿ."

ಕವಿತಾ ಅನುವಿನ ಸ್ವೆಟರಿನ ಗುಂಡಿ ಹಾಕುತ್ತಿದ್ದಳು. ಕೈ ನಿಲ್ಲಲಿಲ್ಲ. ಈ ಮಾತನ್ನು ಅವಳು ಮನೆಯಲ್ಲಿ ಹಲವು ಸಲ ಕೇಳಿದ್ದಿರಬೇಕು.

ಇಲ್ಲಿ ನಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕಾಗುತ್ತದೆ. ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳ ನಡುವೆಯೂ ಒಂದು ಕೋಶಕೇಂದ್ರ ಇರುತ್ತದೆ. ಅದರೊಳಗೆ ನಲವತ್ತಾರು ಕ್ರೋಮೋಸೋಮ್‌ಗಳು, ತಾಯಿಯಿಂದ ಇಪ್ಪತ್ಮೂರು, ತಂದೆಯಿಂದ ಇಪ್ಪತ್ಮೂರು. ಸಾಮಾನ್ಯ ಹೊತ್ತಿನಲ್ಲಿ ಅವು ಕಾಣುವುದಿಲ್ಲ. ಬಿಚ್ಚಿದ ನೂಲಿನ ಗೋಜಲಿನಂತೆ ಕೇಂದ್ರದ ತುಂಬ ಹರಡಿಕೊಂಡಿರುತ್ತವೆ. ಜೀವಕೋಶ ಒಡೆದು ಎರಡಾಗುವ ಮೊದಲು ಆ ನೂಲು ಬಿಗಿಯಾಗಿ ಸುತ್ತಿಕೊಂಡು ದಪ್ಪ ಕಡ್ಡಿಗಳಾಗುತ್ತದೆ, ಕಡ್ಡಿಗಳು ಕೋಶದ ನಡುವಿಗೆ ಬಂದು ಸಾಲಾಗಿ ನಿಲ್ಲುತ್ತವೆ. ಕಾಣುವುದು ಆಗ ಮಾತ್ರ. ನಾವು ರಕ್ತದ ಬಿಳಿ ಕಣಗಳನ್ನು ಪೋಷಕ ದ್ರವದಲ್ಲಿ ಹಾಕಿ, ಬೀನ್ಸ್ ಕಾಳಿನಿಂದ ತೆಗೆದ ಒಂದು ಸಾರ ಬೆರೆಸಿ ಒಡೆಯಲು ಪ್ರಚೋದಿಸಿ, ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಮೂರು ದಿನ ಇಡುತ್ತೇವೆ. ಆಮೇಲೆ ಕಾಲ್ಚಿಸಿನ್ ಎಂಬ ಔಷಧಿ ಹಾಕಿ, ಕಡ್ಡಿಗಳು ಸಾಲಾಗಿ ನಿಂತ ಗಳಿಗೆಯಲ್ಲೇ ಕೋಶವನ್ನು ತಡೆದು ನಿಲ್ಲಿಸುತ್ತೇವೆ. ಹಾಗೆ ನಿಲ್ಲಿಸಿದ ಕೋಶ ಮತ್ತೆ ಬದುಕುವುದಿಲ್ಲ. ನೋಡಬೇಕಾದರೆ ಅಷ್ಟು ಬೆಲೆ ಕೊಡಲೇಬೇಕು.

ಮೂರು ದಿನ ಎಂದಾಗ ನೀಲಮ್ಮ, "ಒಂದ್ ಚಮಚ ರಕ್ತಕ್ಕೆ ಮೂರು ದಿನ ಏನ್ ಮಾಡ್ತೀರಿ, ಹೆಪ್ಪು ಹಾಕ್ತೀರಾ?" ಎಂದರು. ಸುಮಾ ನಕ್ಕುಬಿಟ್ಟಳು. ಹೆಚ್ಚುಕಡಿಮೆ ಹಾಗೇ ಎಂದು ನಾನೂ ಒಪ್ಪಿಕೊಂಡೆ.

ಅನುವಿನ ಕ್ರೋಮೋಸೋಮ್‌ಗಳನ್ನು ಎಣಿಸಿದರೆ ನಲವತ್ತಾರೇ ಇದ್ದವು. ಎಣಿಕೆಯಲ್ಲೇ ನಿಂತರೆ ಮಗು ಸರಿಯಾಗಿದೆ ಎನ್ನಬೇಕಾಗಿತ್ತು. ಡೌನ್ ಸಿಂಡ್ರೋಮ್ ಇರುವ ಬಹುಪಾಲು ಮಕ್ಕಳಲ್ಲಿ ಇಪ್ಪತ್ತೊಂದನೆಯ ಕ್ರೋಮೋಸೋಮ್ ಎರಡರ ಬದಲು ಮೂರು ಬಿಡಿಬಿಡಿಯಾಗಿ ಇರುತ್ತದೆ, ಒಟ್ಟು ನಲವತ್ತೇಳಾಗುತ್ತದೆ. ಅದು ಜೀವಕೋಶ ಒಡೆಯುವಾಗ ಆಗುವ ಆಕಸ್ಮಿಕ, ಮತ್ತೆ ಆಗುವ ಸಾಧ್ಯತೆ ಕಡಿಮೆ, ತಂದೆ ತಾಯಿಯನ್ನು ಪರೀಕ್ಷಿಸುವ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ. ಅನುವಿನಲ್ಲಿ ಹಾಗಿರಲಿಲ್ಲ. ಒಂದು ಇಪ್ಪತ್ತೊಂದು ತನ್ನ ಪಾಡಿಗೆ ಇತ್ತು. ಇನ್ನೆರಡು ಒಂದಕ್ಕೊಂದು ಬೆಸೆದುಕೊಂಡು ಒಂದೇ ಕಡ್ಡಿಯಾಗಿದ್ದವು. ಆ ಬೆಸುಗೆ ಮಗುವಿನಲ್ಲೇ ಹೊಸದಾಗಿ ಹುಟ್ಟಿರಬಹುದು, ಅಥವಾ ತಂದೆ ತಾಯಿಯಲ್ಲಿ ಒಬ್ಬರು ಅದನ್ನು ಯಾವ ತೊಂದರೆಯೂ ಇಲ್ಲದೆ ಹೊತ್ತುಕೊಂಡಿರಬಹುದು. ಇಬ್ಬರ ರಕ್ತವೂ ಬೇಕು ಎಂದು ಹೇಳಿ ಕಳಿಸಿದೆ.

ಕವಿತಾಳ ರಕ್ತ ಮಾತ್ರ ಬಂತು. ಇದು ನಮ್ಮಲ್ಲಿ ಸಾಮಾನ್ಯ. ಮಕ್ಕಳ ವಿಷಯದ ಪರೀಕ್ಷೆ ಎಂದರೆ ಹೆಂಗಸು ಕೈ ಚಾಚುತ್ತಾಳೆ, ಗಂಡನಿಗೆ ಡ್ಯೂಟಿ ಇರುತ್ತದೆ. ಕವಿತಾಳ ನಲವತ್ತಾರೂ ಜೋಡಿ ಜೋಡಿಯಾಗಿ, ಎಲ್ಲಿರಬೇಕೋ ಅಲ್ಲಿ, ಎಷ್ಟಿರಬೇಕೋ ಅಷ್ಟು ಇದ್ದವು. ಇನ್ನು ಅವಳನ್ನು ಯಾರೂ ದೂರುವಂತಿಲ್ಲ ಎಂದುಕೊಂಡು ನೆಮ್ಮದಿಯಿಂದಲೇ ಹೇಳಿದೆ.

ನೀಲಮ್ಮ ಗಮನವಿಟ್ಟು ಕೇಳಿದರು. "ಇವಳದು ಸರಿ ಐತೆ. ನನ್ ಮಗ ನೋಡಿದ್ರೆ ಕಬ್ಬಿಣ ಇದ್ದಂಗೆ ಅದಾನೆ. ಅಂದ್ಮ್ಯಾಲೆ ಇಬ್ಬರದೂ ಒಂದೇ ರಕ್ತ ಆಗಿದ್ದೇ ತಪ್ಪು. ಬ್ಯಾರೆ ಬ್ಯಾರೆ ಇದ್ರೆ ಇಬ್ಬರೂ ಚೊಲೊ, ಕೂಡಿದ್ರೆ ಬರಲ್ಲ." ಆಮೇಲೆ ಕಾರಿಡಾರಿನ ಕಡೆ ಕೈ ಮಾಡಿದರು. "ನಾನೇನ್ ಹೊಸದು ಹೇಳಿಲ್ಲ. ನೀವೇ ಗೋಡೆ ಮ್ಯಾಲೆ ಹಚ್ಚೀರಲ್ರಿ!"

ನಮ್ಮ ಲ್ಯಾಬಿನ ಹೊರಗೆ ಆರೋಗ್ಯ ಶಿಕ್ಷಣದವರು ಅಂಟಿಸಿದ ಒಂದು ಪೋಸ್ಟರ್ ಇತ್ತು. ಸೋದರಮಾವ ಮತ್ತು ಅಕ್ಕನ ಮಗಳು ಹಾರ ಹಾಕಿಕೊಂಡು ನಿಂತ ಚಿತ್ರ, ಅದರ ಮೇಲೆ ಕೆಂಪು ಅಡ್ಡಗೆರೆ, ಕೆಳಗೆ ರಕ್ತಸಂಬಂಧದಲ್ಲಿ ಮದುವೆ ಬೇಡ ಎಂಬ ಸಾಲು. ಅದರಲ್ಲಿ ಸುಳ್ಳೇನೂ ಇಲ್ಲ. ಒಂದೇ ಮನೆತನದಲ್ಲಿ ಅಡಗಿರುವ ಕೆಲವು ಜೀನ್ ದೋಷಗಳು ಅಂಥ ಮದುವೆಯಲ್ಲಿ ಎರಡೂ ಕಡೆಯಿಂದ ಬಂದು ಕೂಡುತ್ತವೆ, ಕಿವುಡು, ರಕ್ತದ ಕಾಯಿಲೆ ಇಂಥವು ಹೆಚ್ಚುತ್ತವೆ. ಆದರೆ ಅನುವಿನ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ಕ್ರೋಮೋಸೋಮ್ ಬೆಸೆಯಲು ಇಬ್ಬರ ರಕ್ತ ಒಂದಾಗಬೇಕಿಲ್ಲ, ಯಾವುದೋ ಒಂದು ಕೋಶ ತಪ್ಪಾಗಿ ಒಡೆದರೆ ಸಾಕು. ಇದನ್ನು ಎಷ್ಟು ಸರಳವಾಗಿ ಹೇಳಲು ಬರುತ್ತದೋ ಅಷ್ಟು ಸರಳವಾಗಿ ಹೇಳಿದೆ.

"ಸಂಬಂಧ ಇಲ್ಲ ಅಂದ್ರೆ ಯಾಕ ಹಚ್ಚೀರಿ?" ಎಂದರು ನೀಲಮ್ಮ.

ಹಾಲೇಶನನ್ನು ಕರೆತಂದವಳು ಕವಿತಾ. ಹರಿಹರದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಅವನು ವೆಲ್ಡರ್. ಅರ್ಧ ದಿನ ರಜೆ ಹಾಕಿ, ಕಿಡಿ ಬಿದ್ದು ತೂತು ತೂತಾದ ಅಂಗಿಯಲ್ಲೇ ಬಂದಿದ್ದ. ಸುಮಾ ತೋಳಿಗೆ ಪಟ್ಟಿ ಕಟ್ಟಿದ ಕೂಡಲೇ ಮುಖ ಆ ಕಡೆ ತಿರುಗಿಸಿ ಕಣ್ಣು ಮುಚ್ಚಿದ.

"ದಿನಾ ಬೆಂಕಿ ಜತೆ ಇರ್ತೀಯ ಮಾವ, ಇಷ್ಟುದ್ದ ಸೂಜಿಗೆ ಕಣ್ ಮುಚ್ತೀಯಲ್ಲ!" ಎಂದಳು ಕವಿತಾ.

"ಬೆಂಕಿ ನನ್ ಕೈಯಾಗಿರ್ತೈತೆ ಕಣೇ. ಇದು ಇವರ ಕೈಯಾಗೈತೆ."

ಆ ದಿನ ಇಬ್ಬರೂ ನಗುತ್ತಲೇ ಹೋದರು. ನನಗೆ ನೆನಪಿರುವ ಮಟ್ಟಿಗೆ ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ.

ಹಾಲೇಶನಲ್ಲಿ ಕ್ರೋಮೋಸೋಮ್‌ಗಳು ನಲವತ್ತೈದು. ಇಪ್ಪತ್ತೊಂದರ ಎರಡೂ ಬೆಸೆದು ಒಂದಾಗಿದ್ದವು. ಒಟ್ಟು ಸಾಮಗ್ರಿ ಸರಿಯಾಗಿಯೇ ಇದ್ದುದರಿಂದ ಅವನ ಆರೋಗ್ಯಕ್ಕೆ ಯಾವ ಕುಂದೂ ಇರಲಿಲ್ಲ. ತೊಂದರೆ ಇದ್ದದ್ದು ಮುಂದಿನ ಪೀಳಿಗೆಗೆ ಹಂಚುವಾಗ. ವೀರ್ಯಾಣು ತಯಾರಾಗುವಾಗ ಪ್ರತಿ ಜೋಡಿಯೂ ಬೇರೆಯಾಗಿ, ಒಂದೊಂದು ಒಂದೊಂದು ಕಡೆ ಹೋಗಬೇಕು. ಹಾಲೇಶನ ಇಪ್ಪತ್ತೊಂದನೇ ಜೋಡಿ ಬೇರೆಯಾಗಲಾರದು. ಒಂದು ವೀರ್ಯಾಣುವಿಗೆ ಎರಡೂ ಹೋಗುತ್ತವೆ, ಇನ್ನೊಂದಕ್ಕೆ ಒಂದೂ ಇಲ್ಲ. ಮೊದಲನೆಯದರಿಂದ ಆಗುವ ಮಗುವಿಗೆ ತಾಯಿಯದೂ ಸೇರಿ ಮೂರು, ಅದು ಅನುವಿನ ಹಾಗೆ. ಎರಡನೆಯದರಿಂದ ಆಗುವ ಭ್ರೂಣಕ್ಕೆ ತಾಯಿಯದು ಮಾತ್ರ, ಅದು ಉಳಿಯುವುದಿಲ್ಲ. ಮೂರನೆಯ ದಾರಿ ಇಲ್ಲ.

ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿಕೊಂಡು ಹೇಳಿದೆ. ಹಾಲೇಶ ಚಿತ್ರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಬೆಸುಗೆ ಆಗೈತೆ ಅಂತೀರಿ. ಬೆಸುಗೆ ಬಿಚ್ಚಾಕೆ ಬರ್ತೈತಲ್ರಿ. ಗ್ರೈಂಡರ್ ಹಿಡಿದ್ರೆ ಆತು."

"ಇದು ಒಂದು ಕೋಶದಲ್ಲಿ ಅಲ್ಲ ಹಾಲೇಶ್. ನಿಮ್ಮ ಮೈಯಲ್ಲಿರೋ ಪ್ರತಿಯೊಂದರಲ್ಲೂ ಹೀಗೇ ಇದೆ."

"ಎಲ್ಲದರಾಗೂ?"

"ಎಲ್ಲದರಲ್ಲೂ."

ಅವನು ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಕವಿತಾ ಕೇಳಿದಳು, "ಒಂದೂ ಸರಿ ಬರಲ್ವಾ ಸರ್? ಹತ್ತರಾಗೆ ಒಂದು? ನೂರರಾಗೆ ಒಂದು?"

ಇಂಥ ಕಡೆ ನಾವು ಸಾಮಾನ್ಯವಾಗಿ ಒಂದು ಸಂಖ್ಯೆ ಕೊಡುತ್ತೇವೆ. ಇಷ್ಟರಲ್ಲಿ ಇಷ್ಟು ಎನ್ನುತ್ತೇವೆ. ಸಂಖ್ಯೆ ಎಷ್ಟೇ ಚಿಕ್ಕದಿರಲಿ, ಜನ ಅದನ್ನು ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಇವಳಿಗೆ ಕೊಡಲು ನನ್ನ ಹತ್ತಿರ ಸಂಖ್ಯೆ ಇರಲಿಲ್ಲ. ಎಂದೂ ಇಲ್ಲ ಎಂಬ ಮಾತನ್ನು ನಾನು ಸುಲಭವಾಗಿ ಆಡುವವನಲ್ಲ. ವಿಜ್ಞಾನದಲ್ಲಿ ಅಪವಾದಗಳು ಇರುತ್ತವೆ ಎಂದು ಕಲಿತವನು. ಆದರೆ ಎಲ್ಲೋ ಒಂದು ಅಪವಾದ ಇರಬಹುದು ಎಂಬುದನ್ನು ನಂಬಿ ಮತ್ತೆ ಗರ್ಭ ಧರಿಸು ಎಂದು ಯಾರಿಗೂ ಹೇಳಲು ಬರುವುದಿಲ್ಲ. ಇಲ್ಲ ಎಂದೆ. ಬೇಕಾದರೆ ದಾನಿಯ ವೀರ್ಯದಿಂದ ಮಗು ಪಡೆಯಬಹುದು, ದತ್ತು ತೆಗೆದುಕೊಳ್ಳಬಹುದು ಎಂದೂ ಹೇಳಿದೆ. ಇನ್ನೊಂದನ್ನು ಒತ್ತಿ ಹೇಳಿದೆ. ಹೆಂಡತಿ ಬೇರೆ ಆದರೂ ಇದು ಹೀಗೇ ಇರುತ್ತದೆ.

ಒಬ್ಬರ ಪರೀಕ್ಷೆಯ ಫಲವನ್ನು ಅವರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ, ತಾಯಿಗೂ ಕೂಡ, ಹೇಳುವಂತಿಲ್ಲ. ನಾನು ಅದನ್ನು ಹೇಳುವ ಮೊದಲೇ ಹಾಲೇಶ, "ಅವ್ವನಿಗೆ ನಾನೇ ಹೇಳ್ತೀನ್ರಿ. ನೀವು ಪಕ್ಕದಾಗ ಇರ್ರಿ ಸಾಕು," ಎಂದ. ನಾಲ್ಕೈದು ದಿನದ ಮೇಲೆ ತಾಯಿಯನ್ನೂ ಕವಿತಾಳನ್ನೂ ಕರೆದುಕೊಂಡು ಬಂದ.

ನನ್ನ ಕೋಣೆಯಲ್ಲಿ ಅವನು ಹೇಳಿದ್ದು ಬಹಳ ಸರಳವಾಗಿತ್ತು. "ಅವ್ವ, ದೋಷ ಇರೋದು ನನ್ನಾಗೆ. ಕವಿತಾಳ್ದು ಏನೂ ಇಲ್ಲ. ಯಾರ್ನ ತಂದ್ರೂ ಹಿಂಗೇ ಆಗ್ತೈತೆ."

ನೀಲಮ್ಮ ಮಗನನ್ನು ನೋಡಿದರು. ಕವಿತಾಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. ಅದರಲ್ಲಿ ಕುಹಕ ಇರಲಿಲ್ಲ, ಮಗನ ಮೇಲಿನ ಪ್ರೀತಿ ಇತ್ತು. "ನೋಡಿದ್ರಾ? ಅಕ್ಕನ ಮಗಳು ಅಂತ ತಪ್ಪು ತನ್ ಮೈಮ್ಯಾಲೆ ಹಾಕ್ಕೊಳ್ಳಾಕತ್ತಾನೆ. ಸಣ್ಣವನಿದ್ದಾಗಿಂದ ಹಿಂಗೇ ಇವನು. ಇವ್ಳು ರಜಾಕ್ಕೆ ಬಂದು ಗಡಿಗೆ ಒಡೆದ್ರೆ 'ನಾನ್ ಒಡೆದೆ ಅವ್ವ' ಅಂತ ಬಂದು ನಿಂತ್ಕೊಳ್ಳೋನು. ಏಟು ಇವನಿಗೆ, ಬೆಲ್ಲ ಅವಳಿಗೆ."

"ಅದು ಗಡಿಗೆ ಅವ್ವ. ಇದು ಮಷೀನ್ ನೋಡಿ ಹೇಳಿದ್ದು."

"ಗಡಿಗೆ ಒಡೆದಿದ್ದು ನೀನೋ ಅವಳೋ? ಹೇಳು, ಸರ್ ಮುಂದೆ ಹೇಳು."

ಕವಿತಾ ತಲೆ ತಗ್ಗಿಸಿ, "ನಾನೇ," ಎಂದಳು.

ನಾನು ಮೂವರ ಚಿತ್ರಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಬೆಸೆದ ಕಡ್ಡಿಯನ್ನು ತೋರಿಸಿದೆ. ನೀಲಮ್ಮ ಬಗ್ಗಿ ನೋಡಿದರು. "ಇದು ಯಾರದು ಅಂತ ನನಗ ಹೆಂಗೆ ಗೊತ್ತಾಗ್ಬೇಕು? ಮುಖ ಐತೇನ್ರಿ ಇದಕ್ಕೆ?"

ಇದಕ್ಕೆ ನಾನು ಏನು ಉತ್ತರ ಕೊಟ್ಟೆ ಎಂಬುದು ನೆನಪಿಲ್ಲ. ಉದ್ದಕ್ಕೆ ವಿವರಿಸಿದೆ ಎಂದು ನಾನು ನಂಬಿದ್ದೇನೆ. ನೀವು ಸುಮ್ಮನೆ ಕನ್ನಡಕ ಒರೆಸಿಕೊಂಡಿರಿ ಎನ್ನುತ್ತಾಳೆ ಸುಮಾ. ಎರಡರಲ್ಲಿ ಯಾವುದು ನಿಜವಾದರೂ ನೀಲಮ್ಮ ಒಪ್ಪಲಿಲ್ಲ ಎಂಬುದು ಮಾತ್ರ ನಿಜ. ಗಂಡು ತನ್ನ ಮೇಲೆ ತಪ್ಪು ಹೊತ್ತುಕೊಳ್ಳುವುದನ್ನು ನಾನು ವೃತ್ತಿಯಲ್ಲಿ ನೋಡಿದ್ದು ಬಹಳ ಕಡಿಮೆ. ಹೊತ್ತುಕೊಂಡವನನ್ನು, ಅವನು ಸೋದರಮಾವ ಎಂಬ ಒಂದೇ ಕಾರಣಕ್ಕೆ ನಂಬದೆ ಹೋದದ್ದನ್ನು ಅಲ್ಲಿ ನೋಡಿದೆ.

ಮಳೆಗಾಲ ಕಳೆದ ಮೇಲೆ ಕವಿತಾ ಒಬ್ಬಳೇ ಬಂದಳು. ಅನುವಿಗೆ ಅಂಗವಿಕಲ ಪ್ರಮಾಣಪತ್ರ ಮಾಡಿಸಲು ವರದಿಯ ಇನ್ನೊಂದು ಪ್ರತಿ ಬೇಕಿತ್ತು. ವಿಳಾಸ ಹದಡಿ ಎಂದು ಬರೆಸಿದಳು. ಹಿರಿಯರ ಮುಂದೆ ಗಂಡ ಹೆಂಡತಿಯ ಬಿಡುಗಡೆ ಆಗಿತ್ತು. "ಅಜ್ಜಿನೇ ಬಂದು ಬಿಟ್ ಹೋದ್ಲು ಸರ್. ಹೋಗ್ವಾಗ ನನ್ನ ತಬ್ಕೊಂಡು ಅತ್ತಿದ್ದೂ ಅವಳೇ. ಯಾರ ಮ್ಯಾಲೆ ಸಿಟ್ಟು ಮಾಡ್ಲಿ? ಅವ್ವ ಏನ್ ಮಾತಾಡ್ತಾಳೆ? ಆ ಕಡೆ ಅವಳ ತಾಯಿ, ತಮ್ಮ. ಈ ಕಡೆ ನಾನು."

ಹಾಲೇಶನಿಗೆ ಫೋನ್ ಮಾಡಿದೆ. ಹಿಂದೆ ಗ್ರೈಂಡರ್ ಸದ್ದು ಕೇಳುತ್ತಿತ್ತು. "ಮೊದ್ಲು ಜಗಳ ಮಾಡ್ದೆ ಸರ್. ಬಾಳ ಮಾಡ್ದೆ. ಆಮ್ಯಾಲೆ ಎಲ್ಲರೂ ಅನ್ನೋದ್ ಕೇಳಿ ಕೇಳಿ ನನಗೇ ಅನುಮಾನ ಬಂತು. ನನ್ ಮೈಯಾಗೆ ಒಂದು ನೋವಿಲ್ಲ, ಒಂದು ಜ್ವರ ಇಲ್ಲ. ಲ್ಯಾಬ್‌ನಾಗೆ ಬಾಟ್ಲಿ ಅದಲುಬದಲು ಆಗಂಗಿಲ್ವಾ ಸರ್?"

ಆಗುವುದೇ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಪ್ರಪಂಚದ ಯಾವ ಲ್ಯಾಬೂ ಹಾಗೆ ಹೇಳಲಾರದು. ಇನ್ನೊಮ್ಮೆ ರಕ್ತ ಕೊಡಿ, ಇನ್ನೊಮ್ಮೆ ನೋಡೋಣ ಎಂದೆ. ಬರ್ತೀನ್ರಿ ಎಂದ. ಬರಲಿಲ್ಲ. ಆವರಗೆರೆಯ ಕಡೆಯ ಹುಡುಗಿಯ ಜತೆ ಅವನ ಮದುವೆ ಆಯಿತೆಂದು ಆಮೇಲೆ ತಿಳಿಯಿತು.

ಸುಮಾರು ಒಂದು ವರ್ಷದ ಮೇಲೆ ಅದೇ ಹುಡುಗಿಯನ್ನು ನಮ್ಮಲ್ಲಿಗೆ ಕರೆದುಕೊಂಡು ಬಂದವಳು ಕವಿತಾ. ರೂಪಾ ಎಂದು ಹೆಸರು, ನಾಲ್ಕು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಕವಿತಾ ಅವಳ ತವರಿಗೇ ಹೋಗಿ ಮಾತಾಡಿದ್ದಳು. ಅನು ಇಬ್ಬರ ನಡುವೆ ಬೆಂಚಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು.

"ನಾನು ವಾಪಸ್ ಹೋಗ್ಬೇಕು ಅಂತ ಇದನ್ನ ಮಾಡ್ತಾ ಇಲ್ಲ ಸರ್," ಎಂದಳು ಕವಿತಾ. "ನನಗೆ ಅನು ಹುಟ್ಟೋವರೆಗೂ ಗೊತ್ತಿರ್ಲಿಲ್ಲ. ಇವಳಿಗೆ ಗೊತ್ತಿರ್ಲಿ ಅಂತ ಅಷ್ಟೇ."

ರೂಪಾ ಕಾರಿಡಾರಿನ ಪೋಸ್ಟರನ್ನು ಓದಿಕೊಂಡೇ ಒಳಗೆ ಬಂದಿದ್ದಳು. "ನಮ್ದು ಸಂಬಂಧ ಅಲ್ಲ ಸರ್. ಹೊರಗಿನವರು ನಾವು. ಹಂಗಾದ್ರೆ ತೊಂದ್ರೆ ಇರಲ್ಲ ಅಲ್ವಾ?"

ಹಾಲೇಶನ ವರದಿಯ ಬಗ್ಗೆ ನಾನು ಅವಳಿಗೆ ಹೇಳುವಂತಿರಲಿಲ್ಲ. ಕವಿತಾ ಹೇಳಿದ್ದನ್ನು ಅಲ್ಲಗಳೆಯಲೂ ಇಲ್ಲ. ಪರೀಕ್ಷೆ ಮಾಡಿದರೆ ತಿಳಿಯುತ್ತದೆ ಎಂದೆ. ಸ್ತ್ರೀರೋಗ ತಜ್ಞರು ಗರ್ಭದ ನೀರನ್ನು ಸೂಜಿಯಿಂದ ತೆಗೆದು ಕಳಿಸಿದರು. ಅದರಲ್ಲಿ ಮಗುವಿನ ಚರ್ಮದಿಂದ ಉದುರಿದ ಜೀವಕೋಶಗಳು ತೇಲುತ್ತಿರುತ್ತವೆ, ಅವುಗಳನ್ನೇ ಬೆಳೆಸಿ ನೋಡುತ್ತೇವೆ. ಇದಕ್ಕೆ ಮೂರು ದಿನ ಸಾಲದು, ವಾರಗಳೇ ಬೇಕು. ಏನು ಕಾಣಲಿದೆ ಎಂಬುದು ಮೊದಲೇ ಗೊತ್ತಿದ್ದು ಕಾಯುವ ಕೆಲಸ ನನಗೆ ಅಪರಿಚಿತ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಮೊದಲ ಕೋಶದಲ್ಲೇ ಅದು ಸಿಕ್ಕಿತು. ಎರಡು ಇಪ್ಪತ್ತೊಂದು ಬೆಸೆದ ಅದೇ ಕಡ್ಡಿ, ಪಕ್ಕದಲ್ಲಿ ರೂಪಾಳದು ಒಂದು.

ಫಲ ಹೇಳುವ ದಿನ ರೂಪಾಳ ಜತೆ ನೀಲಮ್ಮ ಬಂದರು. ಬಸುರಿಯ ಹೊಟ್ಟೆಗೆ ಸೂಜಿ ಚುಚ್ಚಿಸಿದ್ದು ಅವರಿಗೆ ಆಗಷ್ಟೇ ತಿಳಿದಿತ್ತು, ಸಿಟ್ಟಿನಿಂದ ಮುಖ ಕೆಂಪಾಗಿತ್ತು. ಕವಿತಾ ಹೊರಗೆ ಕೂತಿದ್ದಳು. ಅನು ಮಾತ್ರ ನೀಲಮ್ಮನನ್ನು ನೋಡಿದ್ದೇ "ಅಜ್ಜೀ" ಎಂದು ಓಡಿ ಬಂದು ಸೀರೆ ಹಿಡಿದುಕೊಂಡಳು. ನೀಲಮ್ಮ ಅವಳನ್ನು ಎತ್ತಿಕೊಂಡು, ಸೆರಗಿನಿಂದ ಮೂಗು ಒರೆಸಿ, "ಸೊರಗಿಬಿಟ್ಟೀಯಲ್ಲೇ" ಎಂದು ಮುದ್ದಿಸಿದರು. ಆಮೇಲಿನ ಜಗಳವನ್ನೆಲ್ಲ ಆ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ಆಡಿದರು.

ರೂಪಾ ಒಪ್ಪಿದ ಮೇಲೆ ನಾನು ಚಿತ್ರ ತೋರಿಸಿದೆ. ನೀಲಮ್ಮ ಈ ಸಲ ಬಹಳ ಹೊತ್ತು ನೋಡಿದರು. ಬೆಸೆದ ಕಡ್ಡಿಯ ಮೇಲೆ ಬೆರಳಿಟ್ಟ ರೀತಿಯಲ್ಲೇ ಅವರಿಗೆ ಅದು ಗುರುತಾಗಿದೆ ಎಂದು ತಿಳಿಯಿತು. ಒಂದು ಕ್ಷಣ ನನಗೆ ಆಸೆ ಹುಟ್ಟಿತು.

"ಇದು ಅನೂ ಫೋಟೋನೇ," ಎಂದರು ಅವರು. "ಅವತ್ತು ತೋರಿಸಿದ್ರಲ್ಲ, ಅದೇ. ಹಳೇದನ್ನೇ ಮತ್ತೆ ತೋರಿಸ್ತೀರಾ? ಕವಿತಾ ಹೇಳಿ ಮಾಡಿಸಿದ್ಲಾ?"

"ಅದೇ ಅಲ್ಲ ನೀಲಮ್ಮ. ಅದೇ ಥರ."

"ಒಂದೇ ಥರ ಇರಾಕೆ ಅಕ್ಕತಂಗಿ ಮಕ್ಕಳೇನ್ರಿ ಇವು? ಅವಳ ರಕ್ತ ಬ್ಯಾರೆ, ಇವಳ ರಕ್ತ ಬ್ಯಾರೆ!"

ಎರಡಕ್ಕೂ ತಂದೆ ಒಬ್ಬನೇ ಎಂಬ ಮಾತು ಆ ಕೋಣೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ನಾನು ಹೇಳುವಂತಿರಲಿಲ್ಲ. ಹೇಳಬಹುದಾದವನು ಅಲ್ಲಿಗೆ ಬಂದಿರಲಿಲ್ಲ.

ನೀಲಮ್ಮ ಹೊರಗೆ ಹೋದ ಮೇಲೆ ರೂಪಾ ಎದ್ದು ನಿಂತು, "ನಾನ್ ನಂಬ್ತೀನಿ ಸರ್. ನಾನೊಬ್ಳು ನಂಬಿದ್ರೆ ಏನಾತು?" ಎಂದಳು. ಈ ಮಾತು ರೂಪಾಳದೇ ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ. ಸುಮಾಳನ್ನು ಕೇಳಿದರೆ, ಅದು ಕವಿತಾ ಪ್ರಮಾಣಪತ್ರಕ್ಕೆ ಬಂದ ದಿನ ಹೇಳಿದ ಮಾತು ಎನ್ನುತ್ತಾಳೆ. ಇಬ್ಬರೂ ಹೇಳಿರಬಹುದು. ಇಬ್ಬರಿಗೂ ಹೇಳಲು ಬೇರೆ ಮಾತು ಉಳಿದಿರಲಿಲ್ಲ.

ಅವರು ಹೋದ ಮೇಲೆ ನಾನು ಮಾಡಿದ್ದನ್ನು ಹೇಳಿದರೆ ಓದುಗರಿಗೆ ವಿಚಿತ್ರ ಎನಿಸಬಹುದು. ನೀಲಮ್ಮನ ಅನುಮಾನ ನನಗೂ ಅಂಟಿಕೊಂಡಿತ್ತು. ಎರಡು ಚಿತ್ರಗಳೂ ಅಷ್ಟು ಒಂದೇ ಥರ ಇದ್ದವು. ನಾನೇ ಕಡತ ತಪ್ಪಾಗಿ ತೆರೆದೆನೇ? ನೋಡಬೇಕೆಂದುಕೊಂಡದ್ದನ್ನೇ ನೋಡಿದೆನೇ? ನಮ್ಮ ಕೆಲಸದ ಕ್ರಮವೆಂದರೆ ಪ್ರತಿ ಮಾದರಿಯನ್ನೂ ಎರಡು ಫ್ಲಾಸ್ಕಿನಲ್ಲಿ, ಬೇರೆ ಬೇರೆಯಾಗಿ ಬೆಳೆಸುವುದು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು, ಒಂದರ ಮೇಲೆ ಸಂಶಯ ಬಂದರೆ ಇನ್ನೊಂದನ್ನು ಕೇಳಬಹುದು ಎಂದು. ರೂಪಾಳ ಎರಡನೇ ಫ್ಲಾಸ್ಕನ್ನು ತೆಗೆದು, ಹೆಸರು ಮುಚ್ಚಿ, ಸುಮಾಳ ಕೈಯಿಂದಲೇ ಸ್ಲೈಡ್ ಮಾಡಿಸಿ, ಅವಳೇ ಮೊದಲು ನೋಡಲಿ ಎಂದೆ. ಅವಳು ಕಣ್ಣಿಟ್ಟು ಸ್ವಲ್ಪ ಹೊತ್ತಿಗೆ ಎದ್ದು, "ಅದೇ ಸರ್," ಎಂದಳು. ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಅದೇ.

ಆಗ ಹೊಳೆದ ಸಂಗತಿ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆ ಮನೆಯವರು ಮಾಡಿದ್ದೂ ಇದನ್ನೇ. ಗಂಡನನ್ನು ಹಾಗೇ ಇಟ್ಟು ಹೆಂಡತಿಯನ್ನು ಬದಲಿಸಿದರು. ಕಾರಣ ರಕ್ತಸಂಬಂಧವೋ ಅಲ್ಲವೋ ಎಂದು ತಿಳಿಯಲು ಇದಕ್ಕಿಂತ ಸರಿಯಾದ ಪ್ರಯೋಗ ಯಾವ ವಿಶ್ವವಿದ್ಯಾಲಯದಲ್ಲೂ ಕಲಿಸುವುದಿಲ್ಲ. ಫಲವೂ ಸ್ಪಷ್ಟವಾಗಿಯೇ ಬಂತು. ನಮ್ಮ ಫ್ಲಾಸ್ಕುಗಳನ್ನು ಕೊನೆಗೆ ಬಿಸಾಡುತ್ತೇವೆ. ಅವರ ಪ್ರಯೋಗದಲ್ಲಿ ಇದ್ದವರು ಕವಿತಾ ಮತ್ತು ರೂಪಾ.

ಗರ್ಭ ತೆಗೆಸಲು ಕಾನೂನು ಕೊಡುವ ಆಯ್ಕೆಯನ್ನು ರೂಪಾಳಿಗೆ ತಜ್ಞರು ವಿವರಿಸಿದ್ದರು. ಅವಳನ್ನು ಹರಿಹರಕ್ಕೆ ಕರೆದುಕೊಂಡು ಹೋದರು, ಮತ್ತೆ ಆಸ್ಪತ್ರೆಗೆ ಕಳಿಸಲಿಲ್ಲ. ಗಂಡು ಮಗು ಹುಟ್ಟಿತು. ಅನುವಿನ ಹಾಗೆಯೇ ಇದೆ ಎಂದು ಕವಿತಾ ಫೋನ್ ಮಾಡಿ ತಿಳಿಸಿದಳು. ಇನ್ನಾದರೂ ನೀಲಮ್ಮ ಒಪ್ಪಿರಬೇಕಲ್ಲ ಎಂದು ನಾನು ಕೇಳಿದೆ.

"ಒಪ್ಪಿಲ್ಲ ಸರ್. ಹಿರಿಯರನ್ನ ಕೂರಿಸ್ಕೊಂಡು ಕೆದಕಿ ಕೆದಕಿ ಕೇಳಿದ್ಲಂತೆ. ರೂಪಾನ ತಾಯಿ ಕಡೆ ಯಾರೋ ಮುತ್ತಜ್ಜಿ ಕೊಂಡಜ್ಜಿಯವಳಂತೆ. ಹಂಗಾಗಿ ಅವರೂ ನಮಗೆ ಸಂಬಂಧನೇ ಆದ್ರಂತೆ. ಮೊದ್ಲೇ ವಿಚಾರಿಸ್ಲಿಲ್ವಲ್ಲ ಅಂತ ಅಜ್ಜಿ ಹಣೆ ಹಣೆ ಬಡ್ಕೊಂಡ್ಲಂತೆ."

ಈ ಕೆಲಸ ನನಗೆ ಏನು ಕಲಿಸಿತು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು. ಅನುಮಾನಿಸುವುದು ಒಳ್ಳೆಯ ಗುಣ ಎಂದು ನನಗೆ ಓದಿಸಿದ್ದರು, ಅದನ್ನೇ ನಂಬಿ ಬದುಕಿದೆ. ನೀಲಮ್ಮನಿಗೂ ಅನುಮಾನ ಕಡಿಮೆ ಇರಲಿಲ್ಲ. ನನ್ನಷ್ಟೇ ಕೇಳಿದರು, ನನಗಿಂತ ಚೆನ್ನಾಗಿ ಕೇಳಿದರು. ವ್ಯತ್ಯಾಸ ಇದ್ದದ್ದು, ಉತ್ತರ ತನ್ನ ಮಗನ ಕಡೆ ತಿರುಗಿದಾಗಲೆಲ್ಲ ಅವರು ಪ್ರಶ್ನೆಯನ್ನು ಬದಲಿಸಿದರು ಎಂಬುದರಲ್ಲಿ. ನನ್ನ ಮಗನಾಗಿದ್ದರೆ ನಾನು ಬದಲಿಸುತ್ತಿರಲಿಲ್ಲ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಅಂದಿನಿಂದ ಮನೆಯಲ್ಲಿ ತೀರ್ಮಾನ ಮಾಡುವವರನ್ನು ಮೊದಲ ದಿನವೇ ಕರೆಸಿ, ಅವರೆದುರೇ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ತೆಗೆಸುತ್ತಿದ್ದೇನೆ. ಅದರಿಂದ ಏನಾದರೂ ಉಪಯೋಗವಾಗಿದೆ ಎನ್ನಲು ನನ್ನ ಬಳಿ ಪುರಾವೆ ಇಲ್ಲ. ಪೋಸ್ಟರ್ ಅಲ್ಲೇ ಇದೆ. ಅದರಲ್ಲಿ ಸುಳ್ಳಿಲ್ಲವಾದ್ದರಿಂದ ತೆಗೆಸಲು ಕಾರಣ ಸಿಗುತ್ತಿಲ್ಲ.

ಆ ದಿನ ಫೋನ್ ಇಡುವ ಮೊದಲು, ಈಗ ರೂಪಾ ಎಲ್ಲಿದ್ದಾಳೆ ಎಂದು ಕೇಳಿದ್ದೆ.

"ಆವರಗೆರೆಗೆ ಬಿಟ್ ಬಂದಾರೆ ಸರ್, ಕೂಸಿನ ಜತೆ," ಎಂದಳು ಕವಿತಾ. ಅವಳ ಹಿಂದೆ ಅನು ಯಾವುದೋ ಹಾಡಿನ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. "ಈ ಸಲ ಹೊಳೆ ದಾಟಿ, ಬಾಳ ದೂರ ಹೆಣ್ಣು ನೋಡ್ತಾ ಅದಾರಂತೆ."